ಮಾವ ಬರೆದ ಸೊಸೆಯರು

ಗೆಳತಿಯರೇ, ಸೋಮವಾರದಿಂದ ನಾನು ಟಿ. ನರಸೀಪುರದ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್, ಅತ್ತೆ ಒಪ್ಪಿಬಿಟ್ಟರು! ಒಂದು ವಾರದಿಂದ ಅವರು ಹೂಂ ಎಂದೂ ಅಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ಮದುವೆಯಾಗಿ ಎರಡೇ ತಿಂಗಳು, ಹೊಸ ಸೊಸೆ ದಿನಾ ನಂಜನಗೂಡಿನಿಂದ ಬಸ್ಸು ಹತ್ತಿ ಹೊರಟರೆ ಜನ ಏನೆಂದಾರು ಎಂಬ ಚಿಂತೆ ಅವರಿಗೆ.

ನಮ್ಮ ಮಾವ ಮೂವತ್ತು ವರ್ಷ ಇಲ್ಲಿಂದ ಪತ್ರಿಕೆಗೆ ಸುದ್ದಿ ಕಳಿಸಿದವರು. ಇಂಗ್ಲಿಷ್ ಮೀಡಿಯಮ್ಮಿನ ನನ್ನ ಕನ್ನಡ ಓದು ಚುರುಕಾಗಲೆಂದು, ಅವರು ಹಳೆಯ ಸುದ್ದಿಗಳನ್ನು ಅಂಟಿಸಿಟ್ಟ ಪುಸ್ತಕವನ್ನು ಇವತ್ತು ಬೆಳಿಗ್ಗೆ ಗಟ್ಟಿಯಾಗಿ ಓದುತ್ತಿದ್ದೆ. ‘ಸೊಸೆ’ ಎಂಬ ಪದ ಬಂದಲ್ಲೆಲ್ಲ ಏನೋ ಒಂದು ಅನಾಹುತ. ಕವಲಂದೆಯಲ್ಲಿ ಸೊಸೆ ನಾಪತ್ತೆ. ಹೆಮ್ಮಿಗೆಯಲ್ಲಿ ಅತ್ತೆಯ ಮೇಲೆ ಸೊಸೆಯ ದೂರು. ಇನ್ನೊಂದು ಕಡೆ ಒಡವೆಯೊಂದಿಗೆ ಸೊಸೆ ಪರಾರಿ.

“ನೀವು ಬರ್ದಿರೋದ್ರಲ್ಲಿ ಒಬ್ಬ ಸೊಸೆನೂ ನೆಟ್ಟಗಿಲ್ವಲ್ಲ ಮಾವ” ಎಂದೆ.

“ನೆಟ್ಟಗಿದ್ರೆ ಯಾರಮ್ಮ ನನ್ನ ಕರೆದು ಹೇಳ್ತಿದ್ರು?”

ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆ ಎತ್ತಿದರು. “ನಾನೀಗ ಹೇಳ್ತಿದೀನಿ, ಬರ್ಕೊಳ್ಳಿ. ನಮ್ಮ ಸೊಸೆ ಸೋಮವಾರದಿಂದ ನರಸೀಪುರಕ್ಕೆ ಪಾಠ ಮಾಡೋಕೆ ಹೋಗ್ತಾಳೆ. ಜನ ಇದನ್ನೂ ಒಂದ್ಸಲ ಓದ್ಲಿ ಕಣ್ರೀ.”

ಮಾವ ನಿಜವಾಗಿಯೂ ಪೆನ್ನು ಹುಡುಕತೊಡಗಿದರು.

ಫೋನಿನಲ್ಲಿ ಹೇಳಿದರೆ ನನ್ನ ಅಮ್ಮ ನಂಬಲೇ ಇಲ್ಲ. ಸುದ್ದಿಯನ್ನು ಖಚಿತಪಡಿಸಿಕೊಳ್ಳಲು ಮೈಸೂರಿನಿಂದ ಖುದ್ದಾಗಿ ಬರುತ್ತಿದ್ದಾರೆ, ಭಾನುವಾರ, ಬೆಳಗಿನ ಚಾಮರಾಜನಗರ ಪ್ಯಾಸೆಂಜರಿಗೆ.