ಧಾರವಾಡಕ್ಕೆ ಒಂದೇ ಬಸ್ಸು

ಹುನಗುಂದದ ವಕೀಲ ನಾನು. ನಮ್ಮ ಭಾಗದ ಕೋರ್ಟುಗಳ ಇತಿಹಾಸ ಬರೆದುಕೊಡಿ ಎಂದು ವಕೀಲರ ಸಂಘದ ಸ್ಮರಣ ಸಂಚಿಕೆಯವರು ಗಂಟುಬಿದ್ದಿದ್ದರು. ‘ಬಾಗಲಕೋಟೆ ಜಿಲ್ಲೆಯಾದ ಮೇಲೆ ಕಕ್ಷಿದಾರರ ಅಲೆದಾಟ ತಪ್ಪಿತು’ ಎಂದು ಮೊದಲೇ ಬರೆದಿಟ್ಟುಕೊಂಡು, ಅದನ್ನು ಒಬ್ಬರ ಬಾಯಿಂದ ಹೇಳಿಸಲು ಗುಡೂರಿಗೆ ಹೋದೆ. ಅಲ್ಲಿ ಹೊಲದ ಬದುವಿಗಾಗಿ ತಮ್ಮನ ಮೇಲೆಯೇ ದಾವೆ ಹೂಡಿದ್ದ ಅಜ್ಜನೊಬ್ಬರಿದ್ದರು.

‘ಖರೆ ಹೇಳ್ಲೇನ್ರಿ? ಜಿಲ್ಲಾ ಕೋರ್ಟ್ ವಿಜಾಪುರದಾಗ ಇದ್ದಾಗ ಭಾಳ ಚಲೋ ಇತ್ತು. ಊರಾಗ ನಮ್ಮಿಬ್ಬರಿಗೂ ಮಾತಿರಲಿಲ್ಲ. ಆದ್ರ ತಾರೀಖಿನ ದಿನ ಒಂದೇ ಬಸ್ಸು, ಒಂದೇ ಗಿಡದ ನೆರಳು. ರೊಟ್ಟಿ ನಂದು, ಶೇಂಗಾ ಚಟ್ನಿ ಅವಂದು. ಬಾಗಲಕೋಟಿಗೆ ಬಂದ ಮ್ಯಾಗ ಮಧ್ಯಾಹ್ನಕ್ಕ ಮನಿ ಮುಟ್ಟತಿದ್ವಿ, ಅವರವರ ಮನ್ಯಾಗ ಊಟ. ಹೋದ ತಿಂಗಳ ಕೇಸೂ ಮುಗೀತು.’

‘ಗೆದ್ದವರು ಯಾರ್ರಿ?’

‘ಅವನ ಗೆದ್ದ. ಅದಿರ್ಲಿ, ಇದಕ್ಕೂ ಮ್ಯಾಲಿನ ಕೋರ್ಟ್ ಎಲ್ಲೈತ್ರಿ?’

‘ಹೈಕೋರ್ಟ್ ಪೀಠ, ಧಾರವಾಡದಾಗ್ರಿ.’

ಅಜ್ಜನ ಮುಖ ಅರಳಿತು. ಪಕ್ಕದಲ್ಲೇ ಇದ್ದ ತಮ್ಮನ ಮನೆಯ ಗೋಡೆಯತ್ತ ತಿರುಗಿ ಕೂಗಿದರು: ‘ಲೇ ತಮ್ಮಾ, ಧಾರವಾಡಕ್ಕ ಹೋಗೂಣೇನು?’

ಗೋಡೆಯಾಚೆಯಿಂದ ಉತ್ತರ ಬಂತು: ‘ಚಟ್ನಿ ನಾ ತರ್ತೇನಿ.’

ನಾನು ಬರೆದಿಟ್ಟಿದ್ದ ಸಾಲನ್ನು ಅಲ್ಲಿಯೇ ಹೊಡೆದು ಹಾಕಿದೆ. ಬಸ್ಸು ಒಂದೇ ಅಂದಮೇಲೆ ವಕೀಲನೂ ಒಬ್ಬನೇ ಸಾಕಂತೆ. ವಕಾಲತ್ತು ನನಗೇ ಕೊಡುತ್ತೇವೆಂದು ಇಬ್ಬರೂ ಹಟ ಹಿಡಿದರು.