ಎಲಿ ಬಂದ ವರ್ಷ

ಮೊನ್ನೆ ಬಸ್ಸಿನ್ಯಾಗ ಅಥಣಿಗೆ ಹೊಂಟಿದ್ದೆ. ದಾರಿ ಮ್ಯಾಗಿನ ಒಣದ್ರಾಕ್ಷಿ ಶೆಡ್ಡಿನಿಂದ ಗಂಧಕದ ಹೊಗಿ ಕಿಡಕಿಯೊಳಗ ನುಗ್ಗಿತು. ಬಾಜೂಕ ಕುಂತಾಕಿ ಸೆರಗು ಮೂಗಿಗೆ ಹಿಡಕೊಂಡ್ಲು. ನಾ ಮಾತ್ರ ಉಸಿರು ಜಗ್ಗಿ ಎಳಕೊಂಡೆ. ಚಳಿ ಮುಗಿಯೂ ಹೊತ್ತಿನಿಂದ ಯುಗಾದಿ ತನಕ ನಮ್ಮ ಬಾಜೂ ಹೊಲದ ಕಾಕುನ ಸೀರಿಗೆ ಇದ ವಾಸನಿ ಇರತಿತ್ತು...

ಬಳಗದಾಕಿ ಏನಲ್ಲ ಆಕಿ. ನಮಗೂ ಅವರಿಗೂ ಬದು ಒಂದ, ಅಷ್ಟ. ತವರುಮನಿ ಗಡಿ ಕಡೆ, ಅದಕ್ಕ ಎಲ್ಲಾರೂ ಮರಾಠಿ ರೀತಿ ಕಾಕು, ಅಂದ್ರ ಚಿಕ್ಕವ್ವ, ಅಂತಿದ್ರು. ಇದ್ದಾಕಿ ಒಬ್ಬಾಕಿ ಮಗಳು, ಆಕಿನ್ನ ರಾಯಬಾಗ ಕಡೆ ಕೊಟ್ಟಿದ್ರು. ನಾ ಮದುವ್ಯಾಗಿ ಬಂದ ಹೊಸದ್ರಾಗ ಅತ್ತಿಗಿಂತ ಹೆಚ್ಚು ಕಾಕುನ ಹಂತ್ಯಾಕ ಇರತಿದ್ದೆ. ನಂದು ಬಾಯಿ ಖಾರ, ಯಾರ ಜೋಡಿನೂ ಹೊಂದಿಕಿ ಆಗ್ತಿದ್ದಿಲ್ಲ. "ಏನ ಬೇ, ನಿನ್ನ ಮಾರಿ ಮ್ಯಾಲ ಹನ್ನೆರಡೂ ತಿಂಗಳ ಬ್ಯಾಸಗಿ" ಅಂತ ಕಾಕು ಕಾಡತಿದ್ಲು.

ದ್ರಾಕ್ಷಿ ಗೊತ್ತಿಲ್ಲದವರಿಗೆ ಒಂದ ಮಾತು ಹೇಳಬೇಕು. ಬಳ್ಳಿಗೆ ವರ್ಷಕ್ಕ ಎರಡ ಸಲ ಕತ್ತರಿ ಬೀಳತೈತಿ, ಅದಕ್ಕ ಚಾಟ್ನಿ ಅಂತೀವಿ. ಬ್ಯಾಸಗಿ ಚಾಟ್ನಿಯೊಳಗ ಬುಡಕ್ಕ ಒಂದ ಕಣ್ಣು, ಅಂದ್ರ ಚಿಗುರು ಒಡಿಯೂ ಗಂಟು, ಅದೊಂದು ಬಿಟ್ಟು ಬಳ್ಳಿ ಪೂರಾ ಬೋಳಿಸೂದು. ಆಗ ಹೊಸ ಕಡ್ಡಿ ಬರತಾವ. ದಸರೆ ಹೊತ್ತಿನ ಚಾಟ್ನಿ ಹಂಗಲ್ಲ. ಕಾಯಿ ಹಿಡಿಯೂ ಕಣ್ಣು ಕಡ್ಡಿಯ ನಡುವ ಇರತಾವ, ಅದಕ್ಕ ಕಡ್ಡಿ ಉದ್ದ ಬಿಡಬೇಕು. ಬ್ಯಾಸಗಿ ಕತ್ತರಿಗೆ ಹೆಣ್ಣು ಗಂಡು ಎಲ್ಲಾರೂ ಇಳೀತಿದ್ರು. ದಸರೆ ಕತ್ತರಿ ಗಂಡಸರ ಕೆಲಸ. ನಾವು ಹೆಣಮಕ್ಕಳು ಹಿಂದಿಂದ ಕಣ್ಣಿಗೆ ಔಷಧ ಹಚ್ಚಿಕೋತ ಹೋಗೂದು.

ಒಂದ ವರ್ಷ ಗಣಪತಿ ಹಬ್ಬ ಮುಗಿಯೂದ್ರಾಗ ಕಾಕುನ ಗಂಡ ತೀರಿಕೊಂಡ. ಎದಿ ನೋವು ಅಂದ, ದವಾಖಾನಿ ಮುಟ್ಟೂದ್ರಾಗ ಎಲ್ಲಾ ಮುಗದಿತ್ತು. ದಿನಗಳು ಮುಗದ ಮ್ಯಾಲ ಚಿಕ್ಕೋಡಿಯೊಳಗಿದ್ದ ಆಕಿ ಭಾವ, ಗಂಡನ ಅಣ್ಣ, ಬಂದು ಕುಂತ. ಹೊಲದ ಮಾತು ಅವನ ಕೈಯಾಗ ಇತ್ತು. "ದ್ರಾಕ್ಷಿ ಹೆಣ್ಣಾಳಿನ ಕೆಲಸ ಅಲ್ಲ, ತಗದು ಕಬ್ಬು ಹಚ್ಚೂಣು" ಅಂದ. ಕಾಕು ಒಂದ ಹಂಗಾಮು ಕೇಳಿದ್ಲು. ಅವ ಒಪ್ಪಿದ, ಖರೆ ಕರಾರು ಹಾಕಿದ: ಈ ವರ್ಷ ಕಾಯಿ ಬಂದ್ರ ತೋಟ, ಬರಲಿಲ್ಲಂದ್ರ ಕಬ್ಬು. ಆ ಬಳ್ಳಿ ಗಂಡನ ಜೋಡಿ ಆಕಿನೂ ನೀರು ಹೊತ್ತು ಬೆಳಸಿದ್ದು. ಅದು ಹೋದ್ರ ಹೊಲಕ್ಕ ಬರೂ ಕಾರಣನ ಉಳಿತಿದ್ದಿಲ್ಲ ಆಕಿಗೆ.

ಚಾಟ್ನಿ ಆಳುಗೋಳು ಬ್ಯಾರೆ ತೋಟಕ್ಕ ಮಾತು ಕೊಟ್ಟಿದ್ರು. ದಿನ ಸರಿಯಾಕತ್ತಿತ್ತು. ಕಾಕುಗ ತಡೀಲಿಲ್ಲ. ಗಂಡನ ಕತ್ತರಿ ತಗೊಂಡು ತಾನ ಇಳದ್ಲು. ಆಕಿ ಕೈಗೆ ಗೊತ್ತಿದ್ದದ್ದು ಬ್ಯಾಸಗಿ ಕತ್ತರಿ ಒಂದ, ದುಃಖದ ಮಂಕಿನ್ಯಾಗ ಕೈ ಅದನ್ನ ಮಾಡಿತು... ನಮ್ಮ ಮಾವ ಬದು ದಾಟಿ ಹೋಗಿ ನೋಡೂದ್ರಾಗ ಇಡೀ ತೋಟ ಬೋಳಾಗಿತ್ತು.

"ಅಯ್ಯ ಶಿವನ! ದಸರೇಕ ಬ್ಯಾಸಗಿ ಚಾಟ್ನಿ ಮಾಡಿಬಿಟ್ಟೆಲ್ಲವಾ!" ಅಂತ ಹಣಿ ಬಡಕೊಂಡ್ರು ಮಾವ.

ಕಾಕು ಕತ್ತರಿ ಕೆಳಗಿಟ್ಟು ಬದುವಿನ ಮ್ಯಾಲ ಕುಂತ್ಲು. ಊರಾಗ ಸುದ್ದಿ ಹಬ್ಬಾಕ ಎಷ್ಟೊತ್ತು? ಕಟ್ಟಿ ಮ್ಯಾಲ ಕುಂತವರಿಗೆ ಕಡಲಿ ಸಿಕ್ಕಂಗಾತು. ಭಾವಗ ಯಾರಾರೂ ಹೇಳೂಕಿಂತ ಮೊದಲ ತಾನ ಹೇಳಬೇಕಂತ ಮರುದಿನ ಮೊದಲನೇ ಬಸ್ಸಿಗೆ ಚಿಕ್ಕೋಡಿಗೆ ಹ್ವಾದ್ಲು. ನನ್ನ ಜೋಡಿಗೆ ಕರಕೊಂಡಿದ್ಲು. ಆ ಮನಿ ಪಡಸಾಲ್ಯಾಗ ನಿಂತು ಅಂದ್ಲು: "ತಪ್ಪು ನಂದ್ರಿ, ಬಳ್ಳಿದಲ್ಲ. ಅದು ಬ್ಯಾಸಗಿ ಬಂತಂತ ತಿಳಕೊಂಡೈತಿ. ಎಲಿ ಬಿಡತೈತಿ, ಕಾಯಿ ಬಿಡೂದಿಲ್ಲ. ಇನ್ನೊಂದ ಹಂಗಾಮು ಕೊಡ್ರಿ."

ಅವ ಹೂಂ ಅನಲಿಲ್ಲ, ಊಹೂಂ ಅನಲಿಲ್ಲ. ಚಾ ಕುಡಿಸಿ ಕಳಿಸಿದ. ಬಸ್ಸಿನ್ಯಾಗ ನಾ ಅವನ್ನ ಬಾಯಿಗೆ ಬಂದಂಗ ಬೈಕೋತ ಬಂದೆ.

ಆ ಚಳಿಗಾಲ ತೋಟ ಹಸರ ಹಸರು, ಗೊನಿ ಮಾತ್ರ ಒಂದೂ ಇಲ್ಲ. ಕಾಕು ಸಾಲಿನ ನಡುವ ಮೆಂತೆ, ಕೊತಂಬರಿ ಬಿತ್ತಿದ್ಲು. ಸೂಡು ಕಟ್ಟಿ ಅಥಣಿ ಸಂತಿಗೆ ಒಯ್ದು, ಗೋಣಿಚೀಲ ಹಾಸಿ ಮಾರಾಕ ಕುಂತ್ಲು. ತೋಟದವರ ಮನಿ ಹೆಣಮಗಳು ಸಂತ್ಯಾಗ! ನನಗ ಎಲ್ಲಿಲ್ಲದ ಸಿಟ್ಟು ಬಂತು. ನಾಚಿಕಿ ಬರಾಂಗಿಲ್ಲೇನು ಅಂತ ಕೇಳೇಬಿಟ್ಟೆ. "ಎಲಿ ವರ್ಷ ಬಂದೈತಿ, ಎಲಿನ ಮಾರೂದು" ಅಂತ ನಕ್ಕು ಮೆಂತೆ ಮ್ಯಾಲ ನೀರು ಚಿಮುಕಿಸಿದ್ಲು. ಭಾವಗ ಇದೂ ಗೊತ್ತಾತು. ಒಂದ ಸಂತಿಗೆ ತಾನ ಬಂದ, ದೂರ ನಿಂತು ನೋಡಿದ, ಕಡೀಕ ಎರಡ ಸೂಡು ಕೊತಂಬರಿ ಇಸಕೊಂಡ. "ಮುಂದಿನ ದಸರೇಕ ನಾ ಬಂದು ನಿಂತು ಕತ್ತರಸತೀನಿ" ಅಂದು ಹೊಂಟ.

ಬಂದ, ಮಾತು ಉಳಿಸಿಕೊಂಡ. ಕಾಕುನೂ ಅವನ ಬೆನ್ನಿಗೆ ನಿಂತು ಆ ಕತ್ತರಿ ಕಲತ್ಲು. ಆ ವರ್ಷ ಗೊನಿ ಭಾರಕ್ಕ ತಂತಿ ಜೋತುಬಿದ್ದಿದ್ದು ನನ್ನ ಕಣ್ಣಾಗ ಐತಿ. ಮುಂದ ಬಾಳ ವರ್ಷ ತೋಟ ಆಕಿ ಕೈಯಾಗ ನಡೀತು.

ಆದ್ರ ಕಡೀಕ ಆ ತೋಟ ತಗಿಸಿದಾಕಿನೂ ಆಕೀನ. ಮಣಕಾಲು ಹೋಗಿದ್ವು, ಹೂವಿನ ಹೊತ್ತಿಗೆ ಅಕಾಲಿಕ ಮಳಿ ಸುರು ಆಗಿತ್ತು. ಯಾರೂ ಅನ್ನೂಕಿಂತ ಮೊದಲ ತಾನ ಬಳ್ಳಿ ಕೀಳಿಸಿ ಕಬ್ಬು ಹಚ್ಚಿಸಿದ್ಲು. ಅಷ್ಟು ಬಡದಾಡಿ ಉಳಿಸಿದ್ದು ಇದಕ್ಕೇನು ಅಂತ ಜಗಳಕ್ಕ ನಿಂತೆ.

"ಉಳಸೂ ಹೊತ್ತಿಗೆ ಉಳಿಸಿದ್ನಿ. ಈಗ ತಗಿಯೂ ಹೊತ್ತು. ಹ್ವಾದ ಹಂಗಾಮಿನ ಕತ್ತರಿ ಹಿಡಕೊಂಡು ಒಮ್ಮೆ ಕೆಟ್ಟೀನಲ್ಲ, ಸಾಕು" ಅಂದ್ಲು. ನನಗ ಸಮಾಧಾನ ಆಗಲಿಲ್ಲ. ಆಕಿ ಮಾತ್ರ ಸಂಜಿಕ ಆರಾಮ ರೊಟ್ಟಿ ಬಡೀಕೋತ ಕುಂತಿದ್ಲು.

ಹೋದ ವರ್ಷ ಶ್ರಾವಣದಾಗ ಕಾಕು ಹ್ವಾದ್ಲು. ನಿದ್ದ್ಯಾಗ ಹ್ವಾದ್ಲು, ಪುಣ್ಯವಂತಿ...

ಈ ಸಲ ನಮ್ಮ ತೋಟದ ಹೂವೂ ಮಳಿಗೆ ಉದುರಿತು. ಹಿಂದಿನ ಎರಡ ವರ್ಷಾನೂ ಅದ ಹಣೆಬರಹ. ಬ್ಯಾಸಗಿ ಚಾಟ್ನಿ ಹೊತ್ತು ಬಂದಾಗ ನಮ್ಮನಿಯವರು ತೋಟ ತಗಿಯೂ ಮಾತಿಗೆ ಬಾಯಿ ತಗೀತಿದ್ರು, ನನ್ನ ಮಾರಿ ನೋಡಿ ಕತ್ತರಿ ಮಸಿಯಾಕ ಕುಂದರತಿದ್ರು. ನಿನ್ನೆ ನಾನ ಅಂದೆ, "ತಗಿಸಿಬಿಡ್ರಿ." ಅವರು ನಂಬಲಿಲ್ಲ, ಮತ್ತೊಮ್ಮೆ ಕೇಳಿದ್ರು. ಮತ್ತೊಮ್ಮೆ ಹೇಳಿದೆ.

ಇವತ್ತ ಮುಂಜಾನೆ ಜೆಸಿಬಿ ಬಂತು. ಮಧ್ಯಾಹ್ನದಾಗ ಕೆಲಸ ಮುಗೀತು. ಕಣ್ಣಾಗ ಒಂದ ಹನಿ ನೀರು ಬರಲಿಲ್ಲ, ನನಗ ಆಶ್ಚರ್ಯ ಆತು. ಜಗಳಗಂಟಿ ನಾನ ಈ ಮಾತು ಅಂದೆ ಅಂತ ಹೇಳಿ ಕಾಕುನ್ನ ನಗಸಬೇಕಂತ ಬದುವಿನ ಕಡೆ ಹೊಂಟೆ. ಬದು ಏರಿದ ಮ್ಯಾಲ ನೆನಪಾತು, ಆಕಿ ಇಲ್ಲ. ಅಲ್ಲೇ ಕುಂತು ಗಟ್ಟಿಯಾಗಿ ಅತ್ತೆ. ತೋಟಕ್ಕಲ್ಲ, ಆಕಿಗೆ.