ಬಟ್ಟೆಯ ಬಾಬ್ತು ಒಂದು ರೂಪಾಯಿ

ಏನು ಕೊಂಡರೂ ಒಂದೇ ದರದಲ್ಲಿ ಹಣ ವಾಪಸ್ ಎಂದು ಕ್ರೆಡಿಟ್ ಕಾರ್ಡಿನವರು ಈಗ ಹೇಳುವುದನ್ನು ಕೇಳಿದಾಗ ಎಲ್ಲರಿಗೂ ಲಾಭ ಕಾಣಿಸುತ್ತದೆ, ನನಗೆ ಮಾತ್ರ ಮೈ ಜುಂ ಎನ್ನುತ್ತದೆ. ಎಪ್ಪತ್ತರ ದಶಕದಲ್ಲಿ ಆಳಂದದ ಬಜಾರಿನಲ್ಲಿ ಒಬ್ಬ ಸಾವುಕಾರ ಇದೇ ವ್ಯವಹಾರ ಮಾಡುತ್ತಿದ್ದ. ಕಿರಾಣಿ, ಬಟ್ಟೆ, ಪಾತ್ರೆ, ಎಲ್ಲವೂ ಅವನ ಒಂದೇ ಅಂಗಡಿಯಲ್ಲಿ. ತಿಂಗಳಿಡೀ ಖಾತೆಗೆ ಬರೆಸಿ ಒಯ್ಯಬಹುದು. ಪಗಾರದ ದಿನ ಪೂರ್ತಿ ಬಾಕಿ ತೀರಿಸಿದರೆ ರೂಪಾಯಿಗೆ ಐದು ಪೈಸೆಯಂತೆ ಅಂಗೈಗೆ ವಾಪಸ್ ಇಡುತ್ತಿದ್ದ. ಸ್ವಲ್ಪ ಬಾಕಿ ಉಳಿಸಿಕೊಂಡರೂ ಒಂದು ಪೈಸೆ ಇಲ್ಲ.

ಅವನ ಎದುರಿನ ಅಂಗಡಿಯವನ ಲೆಕ್ಕ ಬೇರೆ. ದಸರೆಗೆ ಬಟ್ಟೆ ಕೊಂಡರೆ ಹತ್ತು ಪೈಸೆ ಬಿಡುತ್ತಿದ್ದ, ಎಣ್ಣೆಗೆ ಮನಸ್ಸು ಬಂದಾಗ ಎರಡು, ಸಕ್ಕರೆಗೆ ಸೊನ್ನೆ. ನಮ್ಮಪ್ಪನ ತಾಯಿ, ನಮ್ಮ ಆಯಿ, ಈ ಎರಡನೆಯವನ ಪಕ್ಷ. ಯಾವಾಗ ಏನು ಕೊಳ್ಳಬೇಕೆಂದು ತಿಳಿದವರಿಗೆ ಅವನೇ ಲಾಭ ಎನ್ನುತ್ತಿದ್ದಳು. ಅಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯುವುದನ್ನು ಬಿಟ್ಟು, ವರ್ಷದ ಸರಾಸರಿ ತೆಗೆದು, ಒಂದೇ ದರದವನೇ ಮೇಲು ಎಂದು ಸಾಧಿಸುತ್ತಿದ್ದ. ಮುತ್ಯಾ ಮಾತ್ರ ಇಬ್ಬರ ನಡುವೆ ಕುಳಿತು ಸುಮ್ಮನೆ ಉಣ್ಣುತ್ತಿದ್ದ. ಅಜ್ಜನಿಗೆ ನಮ್ಮ ಕಡೆ ಮುತ್ಯಾ ಎನ್ನುತ್ತಾರೆ. ಸೋಲುವುದು ಯಾವಾಗಲೂ ಆಯಿಯೇ, ಆದರೆ ಒಪ್ಪಿಕೊಂಡ ದಿನ ಒಂದೂ ಇಲ್ಲ.

ಆ ವರ್ಷ ಅವ್ವ ಬಸುರಿ. ನನ್ನ ನಂತರ ಎರಡು ಕೂಸು ಹುಟ್ಟಿ, ಎರಡೂ ಅಳಲಿಲ್ಲ. ಎರಡೂ ಸಲ ತವರಾದ ಜೇವರ್ಗಿಗೆ ಹೋಗಿ ಬರಿಗೈಯಲ್ಲಿ ಮರಳಿದ್ದಳು. ಈ ಸಲ ಹೋಗುವುದಿಲ್ಲ, ಇಲ್ಲೇ ಹಡೆಯುತ್ತೇನೆಂದು ಹಟ ಹಿಡಿದಿದ್ದಳು. ಮನೆಯಲ್ಲಿ ಯಾರೂ ಜೋರಾಗಿ ಬಾಗಿಲು ಸಹ ಹಾಕುತ್ತಿರಲಿಲ್ಲ. ಎಲ್ಲರ ಜೀವವೂ ಅವಳ ಹೊಟ್ಟೆಯ ಮೇಲೆಯೇ ಇತ್ತು.

ಅಂಥದರಲ್ಲಿ ಮುತ್ಯಾ ತೀರಿಕೊಂಡ. ತಿಂಗಳ ಕೊನೆ, ಅಪ್ಪನ ಜೇಬು ಖಾಲಿ. ಮಣ್ಣಿಗೆ ಬೇಕಾದ ಹೊಸ ಬಟ್ಟೆಯನ್ನು ಆ ಒಂದೇ ದರದ ಸಾವುಕಾರನಲ್ಲಿ ಖಾತೆಗೆ ಬರೆಸಿ ತಂದ. ಹೆಣದ ಬಟ್ಟೆಯನ್ನು ನಮ್ಮಲ್ಲಿ ಯಾರೂ ಉದ್ರಿ ತರುವುದಿಲ್ಲ. ಚೌಕಾಶಿ ಮಾಡುವುದಿಲ್ಲ, ಉಳಿದ ಚಿಲ್ಲರೆಯನ್ನೂ ಮನೆಗೆ ತರುವುದಿಲ್ಲ. ಅಪ್ಪನಿಗೆ ಇದೆಲ್ಲ ತಿಳಿಯದ್ದೇನಲ್ಲ. ನಾವು ಶರಣರ ದಾರಿಯವರು, ನಮಗೆ ಸೂತಕವೇ ಇಲ್ಲ ಎನ್ನುತ್ತಿದ್ದವನು, ಅಪಶಕುನ ಎಂಬ ಮಾತನ್ನೇ ಮನೆಯಲ್ಲಿ ಆಡಗೊಡುತ್ತಿರಲಿಲ್ಲ.

ಪಗಾರದ ದಿನ ಬಾಕಿ ತೀರಿಸಿ ಬಂದವನು ವಾಪಸ್ ಸಿಕ್ಕ ಹಣವನ್ನು ಅವ್ವನ ಮುಂದೆ ಇಟ್ಟ. ಒಂದು ರೂಪಾಯಿಯ ನಾಣ್ಯ, ಮಿಕ್ಕದ್ದು ಚಿಲ್ಲರೆ. ರೂಢಿಯಂತೆ ಬಾಯಿಲೆಕ್ಕ ಒಪ್ಪಿಸಿದ: ಇದು ಬೇಳೆಯದು, ಇದು ಸಕ್ಕರೆಯದು, ಈ ರೂಪಾಯಿ ಬಟ್ಟೆಯದು. ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ಅದು ಕೇಳಿಸಿತೆಂದು ಕಾಣುತ್ತದೆ, ಅಲ್ಲಿಗೇ ನಿಲ್ಲಿಸಿದ. ಅವ್ವ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಗೋಡೆಯವರೆಗೆ ಹಿಂದೆ ಸರಿದಳು.

"ಅದನ್ನ ಯಾಕ ತಂದ್ರಿ? ಹೆಣದ ಬಟ್ಟಿ ರೊಕ್ಕ ಹೊಳ್ಳಿ ಬಂದ್ರ ಇನ್ನೊಂದ ಜೀವ ಕೇಳ್ತದಂತ."

ರೊಕ್ಕಕ್ಕೆ ಗುರುತಿರುವುದಿಲ್ಲ ಎಂದು ಅಪ್ಪ ನಗಲು ನೋಡಿದ. ಹಾಗೆಂದವನು ಆ ರೂಪಾಯಿಯನ್ನು ಖರ್ಚು ಮಾಡಿದನೇ ಎಂದರೆ, ಅದೂ ಇಲ್ಲ. ಚಿಲ್ಲರೆ ಮಾತ್ರ ಎತ್ತಿಕೊಂಡ.

ಮರುದಿನ ಆಯಿ ಆ ರೂಪಾಯಿಯನ್ನು ಹಿಡಿದು ಅಂಗಡಿಗೆ ಹೊರಟಳು. ಜೊತೆಗೆ ನಾನು. ಸಾವುಕಾರ ನಗುಮುಖದ ಮನುಷ್ಯ, ನನ್ನ ಕೈಗೆ ಬೆಲ್ಲದ ಚೂರು ಇಡದೆ ಕಳಿಸುತ್ತಿರಲಿಲ್ಲ. ಅವತ್ತು ಆಯಿ ಅಂಗೈ ಬಿಚ್ಚಿದ ಕೂಡಲೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಕೊಟ್ಟದ್ದು ಹೊಳ್ಳಿ ತಗೊಳಂಗಿಲ್ಲ ಆಯಿ. ನಂಗೂ ಮಕ್ಕಳ ಅದಾರ್ರಿ," ಎಂದ.

ಹಾಗಾದರೆ ಅವನಿಗೂ ಗೊತ್ತಿತ್ತು. ಗೊತ್ತಿದ್ದೂ, ತನ್ನ ಅಂಗಡಿಯಲ್ಲಿ ಎಲ್ಲಕ್ಕೂ ಒಂದೇ ದರ ಎಂಬ ಮಾತು ಮುರಿಯಬಾರದೆಂದು ಕೊಟ್ಟಿದ್ದ. ಆ ಮನುಷ್ಯನ ಮೇಲಿನ ನನ್ನ ಸಿಟ್ಟು ಇನ್ನೂ ಆರಿಲ್ಲ.

ಒಗೆದರೆ ಹುಡುಕಿಕೊಂಡು ಬರುತ್ತದೆ, ದಾನ ಕೊಟ್ಟರೆ ಪಡೆದವರಿಗೆ ಕೇಡು ಎಂದು ಆಯಿ ದಾರಿಯುದ್ದಕ್ಕೂ ತನ್ನಷ್ಟಕ್ಕೆ ಹೇಳಿಕೊಳ್ಳುತ್ತ ಬಂದಳು. ಮನೆಗೆ ಬಂದವಳೇ ರೂಪಾಯಿಯನ್ನು ಸೆರಗಿನ ತುದಿಗೆ ಕಟ್ಟಿ, ಗಂಟನ್ನು ಹಲ್ಲಿನಿಂದ ಬಿಗಿದಳು. ಆಮೇಲೆ ಅವ್ವನ ಎದುರು ನಿಂತಳು, ಹತ್ತಿರ ಹೋಗಲಿಲ್ಲ.

"ನೀ ಅಂಜಬ್ಯಾಡ ಯವ್ವಾ. ಕೇಳಿದ್ರ ನನ್ನ ಜೀವ ಕೇಳಲಿ."

ಅಂದಿನಿಂದ ಮಧ್ಯಾಹ್ನವಾದರೆ ಆಯಿ ಹೊಸ್ತಿಲ ಮೇಲೆ ಕೂರತೊಡಗಿದಳು. ಬಿಸಿಲಿಗೆ ಓಣಿಯಲ್ಲಿ ಒಂದು ನಾಯಿಯೂ ತಿರುಗುವುದಿಲ್ಲ, ಅಂಥ ಹೊತ್ತು. ಕುಳಿತವಳು ಆಗಾಗ ಕಾಲು ಮಡಚಿ ಪಕ್ಕದಲ್ಲಿ ಜಾಗ ಬಿಡುತ್ತಿದ್ದಳು. ಯಾರದೋ ಮಾತಿಗೆ ತಲೆಯಾಡಿಸುತ್ತಿದ್ದಳು. ಒಂದು ದಿನ ಶಾಲೆಯಿಂದ ಬಂದು ನಾನು ಅವಳ ಮಗ್ಗುಲಿಗೆ ಕೂರಲು ಹೋದರೆ, ಅಲ್ಲಿ ಬೇಡ, ಈಚೆ ಬದಿಗೆ ಕೂಡು ಎಂದಳು. ಕೂತೆ. ಆಯಿ ಆ ಖಾಲಿ ಜಾಗದ ಕಡೆ ತಿರುಗಿ, ಸೆರಗಿನ ಗಂಟು ತೋರಿಸಿ, ನೆರೆಯವಳಿಗೆ ಹೇಳುವಷ್ಟೇ ಸಹಜವಾಗಿ ಹೇಳಿದಳು:

"ಇಲ್ಲೇ ಅದ. ನನ್ನ ಕಡೀನೇ ಅದ. ಒಳಗ ಹೋಗಬ್ಯಾಡ."

ನಾನು ಎದ್ದು ಒಳಗೆ ಓಡಿದೆ. ಅವ್ವ ಸೊಪ್ಪು ಸೋಸುತ್ತಿದ್ದಳು. ಅವಳಿಗೂ ಕೇಳಿಸಿತ್ತು.

ಕೂಸು ಹುಟ್ಟಿತು. ಗಂಡು. ಅತ್ತಿತು, ಓಣಿಯೆಲ್ಲ ಕೇಳುವ ಹಾಗೆ ಅತ್ತಿತು. ಅಪ್ಪ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ. ಆಯಿ ಬಾಗಿಲಾಚೆಯೇ ನಿಂತು ಕತ್ತು ಚಾಚಿ ನೋಡಿದಳು. ಎತ್ತಿಕೋ ಎಂದು ಅವ್ವ ಕೂಸನ್ನು ಮುಂದೆ ಮಾಡಿದಾಗ, ಸಾವುಕಾರ ಮಾಡಿದಂತೆಯೇ ಆಯಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಎತ್ತಿಕೊಳ್ಳಲೇ ಇಲ್ಲ. ಅವತ್ತಷ್ಟೇ ಅಲ್ಲ, ಎಂದೂ. ಸಾವು ಬಂದೀತೆಂದು ಕಾಯುತ್ತ ಆಯಿ ವರ್ಷಗಟ್ಟಲೆ ಗಟ್ಟಿಮುಟ್ಟಾಗಿ ಬದುಕಿದಳು. ಸೀರೆ ಬದಲಿಸಿದಾಗಲೆಲ್ಲ ಗಂಟನ್ನೂ ಬದಲಿಸಿಕೊಂಡಳು. ತಮ್ಮ ಅಂಬೆಗಾಲಿಕ್ಕಿ ಹತ್ತಿರ ಬಂದರೆ ಎದ್ದು ದೂರ ಹೋಗುತ್ತಿದ್ದಳು. ಹಬ್ಬದ ಹೋಳಿಗೆಯಲ್ಲಿ ತನ್ನ ಪಾಲನ್ನು ತೆಗೆದಿರಿಸಿ ನನ್ನ ಕೈಯಲ್ಲಿ ಅವನಿಗೆ ಕೊಡಿಸುತ್ತಿದ್ದಳು. ಅವನಿಗೆ ಇದೇನು ತಿಳಿಯಬೇಕು. ಆಯಿಗೆ ನಾನು ಯಾಕೆ ಬೇಡ ಎಂದು ಅವ್ವನನ್ನು ಕೇಳುತ್ತಿದ್ದ, ಕೊನೆಗೆ ಕೇಳುವುದನ್ನೇ ಬಿಟ್ಟ. ಆಯಿಯ ಮುಂದೆ ಹಾದುಹೋಗುವಾಗ ಮುಖ ತಿರುಗಿಸಿಕೊಳ್ಳುವುದನ್ನು ಕಲಿತ. ಆಗ ಆಯಿಯ ಮುಖ ನೋಡಲು ಆಗುತ್ತಿರಲಿಲ್ಲ.

ಅವನು ಐದನೆಯ ಇಯತ್ತೆಯಲ್ಲಿದ್ದಾಗ ಆಯಿ ಹೋದಳು. ಕಾಯಿಲೆ ಇಲ್ಲ, ಕಸಾಲೆ ಇಲ್ಲ, ಹೊಸ್ತಿಲಿಗೆ ಒರಗಿದ್ದಲ್ಲೇ. ಸ್ನಾನ ಮಾಡಿಸುವಾಗ ಹೆಂಗಸರು ಸೆರಗಿನ ಗಂಟು ಬಿಚ್ಚಿ ರೂಪಾಯಿಯನ್ನು ಒಂದು ತಟ್ಟೆಯಲ್ಲಿಟ್ಟರು. ಅವಳ ಜೊತೆಗೇ ಮಣ್ಣಿಗೆ ಹಾಕೋಣ ಎಂದರು ಯಾರೋ. ಅದು ಅಲ್ಲಿಂದಲೇ ಒಮ್ಮೆ ಹೊಳ್ಳಿ ಬಂದದ್ದು, ನನ್ನ ಜೊತೆ ಕಳಿಸಬೇಡಿ ಎಂದು ಆಯಿ ಮೊದಲೇ ಹೇಳಿಟ್ಟಿದ್ದಳು. ಅವ್ವ ತಮ್ಮನನ್ನು ಅವುಚಿಕೊಂಡು ನಿಂತಿದ್ದಳು. ಅವಳ ಕಣ್ಣು ತಟ್ಟೆಯ ಮೇಲೆಯೇ ಇತ್ತು.

"ಆಯಿನ್ನ ಒಯ್ದದ್ದು ಇದೋ, ವಯಸ್ಸೋ? ಇದರ ಲೆಕ್ಕ ತೀರ್ತೋ, ಇನ್ನೂ ಬಾಕಿ ಅದನೋ?" ಎಂದು ಕೇಳಿದಳು.

ಅಪ್ಪ ಬಂದು ತಟ್ಟೆಯಿಂದ ನಾಣ್ಯವನ್ನು ಎತ್ತಿಕೊಂಡ. ಸೂತಕವಿಲ್ಲ ಎನ್ನುತ್ತಿದ್ದ ನಮ್ಮಪ್ಪ.

"ತಂದಾವ ನಾ. ನನ್ನ ಕಡೆ ಇರಲಿ," ಎಂದ.

ಆಮೇಲೆ ಅಪ್ಪ ನಮ್ಮ ಜೊತೆ ನಗುನಗುತ್ತಲೇ ಇದ್ದ, ಬಾಯಿಲೆಕ್ಕವನ್ನೂ ಬಿಡಲಿಲ್ಲ. ತಮ್ಮನಿಗೆ ಗಣಿತ ಕಲಿಸುವಾಗ ಮಾತ್ರ ಮೇಜಿನ ಆಚೆ ಬದಿಗೆ ಕೂರುತ್ತಿದ್ದ. ಅವನಿಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡೆಂದು ನನಗೆ ಹೇಳುತ್ತಿದ್ದ. ತೊಂಬತ್ತರ ದಶಕದ ಮೊದಲಿಗೆ ತಮ್ಮ ಕಾಲೇಜಿಗೆಂದು ಕಲಬುರಗಿಯ ಹಾಸ್ಟೆಲಿಗೆ ಹೊರಟ ದಿನ, ಬಸ್‌ಸ್ಟ್ಯಾಂಡಿನಲ್ಲಿ ಟ್ರಂಕು ಕೆಳಗಿಟ್ಟು ಅಪ್ಪನ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದ. ಅಪ್ಪ ಕಾಲು ಹಿಂದಕ್ಕೆ ಎಳೆದುಕೊಂಡ.